ಸೂಜಿಮೊನೆಯ ಅಲಂಕಾರ

ಅಲಂಕಾರಪ್ರಿಯತೆ ಮಾನವನ ಹುಟ್ಟುಗುಣ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ನಾವು ಹಾಸ್ಯಕ್ಕಾಗಿ ಆಡುತ್ತೇವಾದರೂ, ಅದರಲ್ಲಿ ಮನುಷ್ಯಸ್ವಭಾವದ ಒಂದು ದೊಡ್ಡ ಸತ್ಯವೇ ಅಡಗಿದೆ. ಹೂವು, ಗಂಧ, ಬಟ್ಟೆ, ಬಳೆ ಇವೆಲ್ಲ ಇಟ್ಟು ತೆಗೆಯಬಹುದಾದ ಅಲಂಕಾರಗಳು. ಸಂಜೆಗೆ ಬಾಡಿದ ಹೂವನ್ನು ಎಸೆಯಬಹುದು. ಬಿಗಿಯಾದ ಬಳೆಯನ್ನು ಒಡೆಯಬಹುದು. ಆದರೆ ಇನ್ನೊಂದು ಜಾತಿಯ ಅಲಂಕಾರವಿದೆ. ಅದು ಸೂಜಿಯ ಮೊನೆಯ ದಾರಿಯಿಂದ ಮೈಯೊಳಕ್ಕೆ ಇಳಿಯುತ್ತದೆ. ಹಚ್ಚೆ ಹೊಯ್ಯಿಸಿಕೊಳ್ಳುವುದು, ಕಿವಿ ಮೂಗು ಚುಚ್ಚಿಸಿಕೊಳ್ಳುವುದು ಈ ಜಾತಿಗೆ ಸೇರಿದವು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಒಂದೇ ಮಾತು: ಇವು ಮೊದಲು ಗಾಯ, ಆಮೇಲೆ ಅಲಂಕಾರ. ಗಾಯಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿದರೆ ಕೊನೆಗೆ ಅಲಂಕಾರ ಉಳಿಯುತ್ತದೆ. ಸಲ್ಲಿಸದಿದ್ದರೆ ಗಾಯ ಉಳಿಯುತ್ತದೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ನನ್ನ ವಿಷಯಗಳು ಇತಿಹಾಸ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಹೀಗಿರಲು ವೈದ್ಯಕ್ಕೆ ಸಂಬಂಧಿಸಿದ ವಿಷಯವನ್ನು ಎತ್ತಿಕೊಂಡುದೇಕೆಂದು ವಾಚಕರು ಕೇಳಬಹುದು. ನಮ್ಮ ತರಗತಿಯ ಮೂರು ಬೆಂಚುಗಳತ್ತ ಕಣ್ಣು ಹಾಯಿಸಿದರೆ ಉತ್ತರ ಸಿಕ್ಕುತ್ತದೆ. ಒಬ್ಬನ ಮುಂಗೈ ಮೇಲೆ ತಾಯಿಯ ಹೆಸರಿದೆ. ಇನ್ನೊಬ್ಬನ ತೋಳಿನ ಮೇಲೆ ಹುಲಿ ಬಾಯಿ ತೆರೆದು ನಿಂತಿದೆ. ಗೆಳತಿಯೊಬ್ಬಳ ಕಿವಿಯ ಮೇಲಂಚಿನಲ್ಲಿ ಮೂರು ಹರಳುಗಳು ಮಿನುಗುತ್ತಿವೆ. ಅವುಗಳ ಚೆಂದವನ್ನು ಕುರಿತು ಎಲ್ಲರೂ ಮಾತಾಡುತ್ತಾರೆ. ಅವು ಮಾಗಿದ ಬಗೆಯನ್ನು ಕುರಿತು ಯಾರೂ ಮಾತಾಡುವುದಿಲ್ಲ. ಮತ್ತೊಂದು ಕಾರಣ ನಮ್ಮ ಮನೆಯದು; ಅದನ್ನು ಮುಂದೆ ಸಂದರ್ಭ ಬಂದಾಗ ತಿಳಿಸುತ್ತೇನೆ.

ಈ ಬಗೆಯ ಅಲಂಕಾರ ಇಂದು ನಿನ್ನೆಯದಲ್ಲ. ೧೯೯೧ರಲ್ಲಿ ಇಟಲಿ ಮತ್ತು ಆಸ್ಟ್ರಿಯ ದೇಶಗಳ ಗಡಿಯಲ್ಲಿ, ಆಲ್ಪ್ಸ್ ಪರ್ವತದ ಹಿಮದೊಳಗೆ, ಸುಮಾರು ೫,೩೦೦ ವರ್ಷಗಳ ಹಿಂದೆ ಸತ್ತ ಮನುಷ್ಯನೊಬ್ಬನ ದೇಹ ಕೆಡದೆ ದೊರೆಯಿತು. ಆ ದೇಹದ ಮೇಲೆ ವಿದ್ವಾಂಸರು ೬೧ ಹಚ್ಚೆಯ ಗುರುತುಗಳನ್ನು ಎಣಿಸಿದ್ದಾರೆ. ‘ಟ್ಯಾಟೂ’ ಎಂಬ ಶಬ್ದ ಪಾಲಿನೇಷ್ಯದ ದ್ವೀಪವಾಸಿಗಳ ಮಾತಿನಿಂದ ಬಂದುದು. ೧೭೬೯ರಲ್ಲಿ ಟಹೀಟಿ ದ್ವೀಪವನ್ನು ಮುಟ್ಟಿದ ಕ್ಯಾಪ್ಟನ್ ಕುಕ್ಕನ ಯಾತ್ರೆಯ ಮೂಲಕ ಅದು ಇಂಗ್ಲಿಷಿಗೆ ಸೇರಿತು. ೧೮೯೧ರಲ್ಲಿ ನ್ಯೂಯಾರ್ಕ್ ನಗರದ ಸ್ಯಾಮ್ಯುಯೆಲ್ ಓರೈಲಿ ಎಂಬಾತ ವಿದ್ಯುತ್ತಿನಿಂದ ನಡೆಯುವ ಹಚ್ಚೆಯಂತ್ರಕ್ಕೆ ಪೇಟೆಂಟು ಪಡೆದ. ಅಂದಿನಿಂದ ಗಂಟೆಗಟ್ಟಲೆಯ ಕೆಲಸ ನಿಮಿಷಗಳಿಗೆ ಇಳಿಯಿತು.

ನಮ್ಮ ನಾಡಿನಲ್ಲಾದರೋ, ಬುಟ್ಟಿ ಹೊತ್ತು ಊರಿಂದೂರಿಗೆ ತಿರುಗುತ್ತಿದ್ದ ಕೊರವ ಜನಾಂಗದ ಹೆಂಗಸರು ಹಚ್ಚೆ ಹೊಯ್ಯುತ್ತಿದ್ದರು. ದೀಪದ ಕಾಡಿಗೆ, ಸೊಪ್ಪಿನ ರಸ, ನಾಲ್ಕು ಸೂಜಿ ಇಷ್ಟೇ ಅವರ ಸಾಮಗ್ರಿ. ಕಿವಿ ಚುಚ್ಚುವುದಂತೂ ಷೋಡಶ ಸಂಸ್ಕಾರಗಳಲ್ಲಿ ಎಣಿಕೆಯಾದ ಕರ್ಮ. ಕಿವಿಹಾಲೆಗೆ ಓಲೆ, ಮೇಲಂಚಿಗೆ ಬುಗುಡಿ, ಮೂಗಿಗೆ ಮೂಗುಬೊಟ್ಟು ಎಂದು ನಮ್ಮ ತಾಯಂದಿರು ಮುಖದ ಒಂದೊಂದು ತಾಣಕ್ಕೂ ಒಂದೊಂದು ಒಡವೆಯನ್ನು ಗೊತ್ತುಮಾಡಿದ್ದರು. ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೬ನೆಯ ಅಧ್ಯಾಯವು ಕಿವಿ ಚುಚ್ಚುವ ಕ್ರಮವನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ; ಹರಿದ ಕಿವಿಹಾಲೆಯನ್ನು ಜೋಡಿಸುವ ೧೫ ಬಗೆಗಳನ್ನೂ ವಿವರಿಸುತ್ತದೆ. ಚುಚ್ಚಿದ ಕಿವಿ ಕೆಡಲೂಬಹುದೆಂಬುದು ಅಷ್ಟು ಹಿಂದಿನವರಿಗೂ ಚೆನ್ನಾಗಿ ಗೊತ್ತಿತ್ತು.

ಕೆಡುವುದು ಹೇಗೆಂಬುದನ್ನು ತಿಳಿಯಬೇಕಾದರೆ ಚರ್ಮದ ರಚನೆಯನ್ನು ಸ್ವಲ್ಪ ಅರಿತುಕೊಳ್ಳಬೇಕು. ಚರ್ಮ ದೇಹದ ಅತಿ ದೊಡ್ಡ ಅಂಗ. ಅದರಲ್ಲಿ ಮುಖ್ಯವಾಗಿ ಎರಡು ಪದರಗಳು. ಹೊರಪದರವು ಹಾವಿನ ಪೊರೆಯಂತೆ ಸದಾ ಕಳಚಿ ಹೊಸದಾಗುತ್ತಿರುತ್ತದೆ. ಸುಮಾರು ಒಂದು ತಿಂಗಳಿಗೆ ಹಳೆಯ ಕಣಗಳ ಜಾಗಕ್ಕೆ ಹೊಸವು ಬರುತ್ತವೆ. ಬಣ್ಣವನ್ನು ಅಷ್ಟರಲ್ಲೇ ಬಿಟ್ಟರೆ ಅದು ತಿಂಗಳಲ್ಲಿ ಅಳಿಸಿಹೋದೀತು. ಆದಕಾರಣ ಹಚ್ಚೆಯ ಸೂಜಿ ಒಂದೆರಡು ಮಿಲಿಮೀಟರ್ ಆಳಕ್ಕೆ, ರಕ್ತನಾಳಗಳೂ ನರಗಳೂ ಇರುವ ಒಳಪದರಕ್ಕೆ ಬಣ್ಣವನ್ನು ಇಳಿಸುತ್ತದೆ. ಅಲ್ಲಿ ದೇಹದ ಕಾವಲುಗಾರರಾದ ಭಕ್ಷಕ ಕಣಗಳಿವೆ. ಹೊರಗಿನಿಂದ ಬಂದ ಬಣ್ಣವನ್ನು ಶತ್ರುವೆಂದು ಭಾವಿಸಿ ಅವು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಒಂದು ಕಣ ಸತ್ತರೆ ಅದು ಬಿಟ್ಟ ಬಣ್ಣವನ್ನು ಇನ್ನೊಂದು ಕಣ ನುಂಗುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು ೨೦೧೮ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಬಣ್ಣದ ಸಣ್ಣ ಕಣಗಳು ಕೆಲವು ಅಲ್ಲಿಂದ ಜಾರಿ ಕಂಕುಳಿನ ದುಗ್ಧಗ್ರಂಥಿಗಳಂಥ ದೂರದ ತಾಣಗಳನ್ನೂ ಸೇರುತ್ತವೆ. ನೋಡುವವರಿಗೆ ಹಚ್ಚೆ ಒಂದು ಚಿತ್ರ; ದೇಹಕ್ಕೆ ಅದು ಕಾವಲುಗಾರರು ಸರದಿಯ ಮೇಲೆ ಹೊತ್ತು ನಿಂತ ಒಂದು ಹೊರೆ.

ಚುಚ್ಚಿದ ರಂಧ್ರದ ಕಥೆ ಬೇರೆ. ಓಲೆಯ ಕಡ್ಡಿಯ ಸುತ್ತ ದೇಹವು ಚರ್ಮದ ಒಂದು ಕೊಳವೆಯನ್ನೇ ಕಟ್ಟಬೇಕಾಗುತ್ತದೆ. ಮೆತ್ತನೆಯ ಕಿವಿಹಾಲೆಯಲ್ಲಿ ಈ ಕೆಲಸಕ್ಕೆ ಆರರಿಂದ ಎಂಟು ವಾರ ಸಾಕು. ಮೂಗಿಗೆ ಹಲವು ತಿಂಗಳು ಬೇಕು. ಕಿವಿಯ ಮೇಲಂಚಿಗೂ ಹೊಕ್ಕುಳಿಗೂ ಕೆಲವೊಮ್ಮೆ ಒಂದು ವರ್ಷವೇ ಹಿಡಿಯುತ್ತದೆ. ಹೊರಗೆ ಮಾಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುವುದುಂಟು. ಹದಿನೈದು ದಿನಕ್ಕೇ ಓಲೆ ಬದಲಾಯಿಸುವ ಅವಸರದಿಂದ ಎಷ್ಟೋ ಕಿವಿಗಳು ಮತ್ತೆ ಹುಣ್ಣಾಗುತ್ತವೆ.

ಈ ಗಾಯಗಳಿಂದ ಬರುವ ತೊಂದರೆಗಳಿಗೆ ಒಂದೊಂದಕ್ಕೂ ಒಂದೊಂದು ಕಾಲವಿದೆ. ಕೆಲವು ದಿನಗಳಲ್ಲಿ ಬರುತ್ತವೆ, ಕೆಲವು ವಾರಗಳಲ್ಲಿ, ಕೆಲವು ತಿಂಗಳುಗಳಲ್ಲಿ, ಕೆಲವು ವರ್ಷಗಳ ಮೇಲೆ. ಬಹಳ ಮಂದಿ ಮೋಸ ಹೋಗುವುದು ಇಲ್ಲಿಯೇ. ‘ಚುಚ್ಚಿಸಿ ಆರು ತಿಂಗಳಾಯಿತು, ಇದು ಅದರಿಂದ ಬಂದದ್ದಲ್ಲ’ ಎಂದು ಸುಮ್ಮನಾಗುತ್ತಾರೆ.

ಮೊದಲು ದಿನಗಳ ಮಾತು. ಸೂಜಿ ತಾಗಿದ ಜಾಗ ಎರಡು ಮೂರು ದಿನ ಕೆಂಪಾಗಿ ಸ್ವಲ್ಪ ಊದಿಕೊಳ್ಳುವುದು, ತಿಳಿಯಾದ ನೀರು ಒಸರುವುದು, ಆಮೇಲೆ ಹಕ್ಕಳೆ ಕಟ್ಟುವುದು ಸಹಜ. ದಿನದಿನಕ್ಕೆ ನೋವು ಇಳಿಯಬೇಕು. ಮೂರನೆಯ ದಿನದ ಮೇಲೂ ನೋವು ಏರುತ್ತ ಹೋದರೆ, ಕೆಂಪು ಸುತ್ತಲೂ ಹರಡಿದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಹಳದಿ ಕೀವು ಬಂದರೆ, ಜ್ವರ ಕಾಣಿಸಿದರೆ ರೋಗಾಣುಗಳು ಒಳಹೊಕ್ಕಿವೆಯೆಂದೇ ತಿಳಿಯಬೇಕು. ಹೆಚ್ಚಾಗಿ ಇವು ನಮ್ಮ ಚರ್ಮದ ಮೇಲೂ ಮೂಗಿನಲ್ಲೂ ವಾಸಿಸುವ ಸ್ಟ್ಯಾಫಿಲೊಕಾಕಸ್ ಜಾತಿಯ ಕ್ರಿಮಿಗಳು. ಆರಂಭದಲ್ಲೇ ವೈದ್ಯರಿಗೆ ತೋರಿಸಿದರೆ ಸುಲಭವಾಗಿ ವಾಸಿಯಾಗುತ್ತದೆ. ಬಿಟ್ಟರೆ ರಕ್ತಕ್ಕೆ ಸೇರಿ ಪ್ರಾಣಕ್ಕೇ ಸಂಚಕಾರ ತರಬಹುದು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಬಹಳ ವರ್ಷಗಳಾಗಿದ್ದರೆ ಅದನ್ನು ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು.

ಕಿವಿಯ ಮೇಲಂಚಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಚರ್ಮದ ಕೆಳಗಿರುವುದು ಮೃದ್ವಸ್ಥಿ, ಎಂದರೆ ಬಾಗಿದರೂ ಮುರಿಯದ ಮೆತ್ತನೆಯ ಎಲುಬು. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ. ಸುತ್ತಲಿನ ತೆಳುಪೊರೆಯಿಂದಲೇ ಅದಕ್ಕೆ ಆಹಾರ. ನಡುವೆ ಕೀವು ತುಂಬಿ ಪೊರೆ ಬೇರ್ಪಟ್ಟರೆ ಮೃದ್ವಸ್ಥಿ ಹಸಿದು ಸಾಯುತ್ತದೆ. ಕಿವಿ ಮುದುಡಿ ಆಕಾರಗೆಡುತ್ತದೆ. ೨೦೦೦ದಲ್ಲಿ ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ ಒಂದೇ ಒಡವೆ ಮಳಿಗೆಯಲ್ಲಿ ಕಿವಿ ಚುಚ್ಚಿಸಿಕೊಂಡ ಏಳು ಮಂದಿಗೆ ಸ್ಯೂಡೊಮೊನಾಸ್ ಎಂಬ ಕ್ರಿಮಿಯ ಸೋಂಕು ತಗುಲಿದ್ದು ಪರೀಕ್ಷೆಯಿಂದ ಖಚಿತವಾಯಿತು. ಕ್ರಿಮಿ ಇದ್ದದ್ದೆಲ್ಲಿ ಗೊತ್ತೆ? ಕ್ರಿಮಿನಾಶಕವೆಂದು ಸಿಂಪಡಿಸುತ್ತಿದ್ದ ಸೀಸೆಯೊಳಗೇ! ಶುಚಿಯ ವೇಷವೇ ಶುಚಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಅಂಗಡಿಗಳಲ್ಲಿ ಬಳಸುವ ಚುಚ್ಚುವ ಪಿಸ್ತೂಲು ಮೃದ್ವಸ್ಥಿಗೆ ತಕ್ಕದ್ದಲ್ಲ. ಅದು ಮೊಂಡು ಕಡ್ಡಿಯನ್ನು ಬಲವಾಗಿ ತೂರಿಸಿ ಮೃದ್ವಸ್ಥಿಯನ್ನು ಸೀಳಬಹುದು. ಅಲ್ಲದೆ ಪ್ಲಾಸ್ಟಿಕ್ ಭಾಗಗಳುಳ್ಳ ಪಿಸ್ತೂಲನ್ನು ಒತ್ತಡದ ಆವಿಯಲ್ಲಿ ಬೇಯಿಸಿ ಶುದ್ಧಮಾಡಲಾಗುವುದಿಲ್ಲ.

ಇನ್ನು ವಾರಗಳ ಮೇಲೆ ಬರುವುವು. ೨೦೧೧ರ ಕೊನೆ ಮತ್ತು ೨೦೧೨ರ ಆರಂಭದಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ಒಬ್ಬನೇ ಕಲಾವಿದನಿಂದ ಹಚ್ಚೆ ಹಾಕಿಸಿಕೊಂಡ ೧೯ ಮಂದಿಗೆ, ಹಚ್ಚೆಯ ಬೂದು ಬಣ್ಣದ ಭಾಗದಲ್ಲಿ ಮಾತ್ರ, ಕೆಂಪು ಗುಳ್ಳೆಗಳೆದ್ದವು. ಕ್ಷಯದ ಕ್ರಿಮಿಗೆ ದಾಯಾದಿಯಾದ, ನೀರಿನಲ್ಲಿ ವಾಸಿಸುವ ಒಂದು ಕ್ರಿಮಿ ಅದಕ್ಕೆ ಕಾರಣ. ಕಲಾವಿದನ ಸೂಜಿ ಶುದ್ಧವಾಗಿತ್ತು, ಕೈ ಶುದ್ಧವಾಗಿತ್ತು. ಕಾರ್ಖಾನೆಯಿಂದ ಬಂದ ಬಣ್ಣದಲ್ಲೇ ಕ್ರಿಮಿ ಇತ್ತು. ಇಂಥ ಗುಳ್ಳೆ ಸಾಮಾನ್ಯ ಔಷಧಕ್ಕೆ ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ಬಣ್ಣ ತೆಳುಮಾಡಲು ನಲ್ಲಿಯ ನೀರನ್ನು ಬೆರೆಸುವವರ ಬಳಿ ಕೂರಬಾರದೆಂಬುದು ಇದರಿಂದ ಕಲಿಯಬೇಕಾದ ಪಾಠ.

ಗಿಲೀಟಿನ ಓಲೆಯ ಬಾಧೆಯೂ ವಾರಗಳ ಲೆಕ್ಕದ್ದೇ. ಅಗ್ಗದ ಒಡವೆಗಳಲ್ಲಿ ಬೆರಕೆಯಾಗಿರುವ ನಿಕ್ಕಲ್ ಲೋಹ ಬೆವರಿನಲ್ಲಿ ಕರಗಿ ಚರ್ಮಕ್ಕೆ ಇಳಿಯುತ್ತದೆ. ಕೆಲವರ ಮೈಗೆ ಅದು ಒಗ್ಗುವುದಿಲ್ಲ. ಕಿವಿಯಲ್ಲಿ ತುರಿಕೆ, ನೀರು ಒಸರುವುದು, ಹೊಟ್ಟು ಏಳುವುದು ಅದರ ಲಕ್ಷಣ. ಒಮ್ಮೆ ಈ ಅಲರ್ಜಿ ಹುಟ್ಟಿತೆಂದರೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯುತ್ತದೆ. ಆಮೇಲೆ ಕೈಗಡಿಯಾರ, ಬೆಲ್ಟಿನ ಬಕಲು, ಷರಾಯಿಯ ಗುಂಡಿ ತಾಗಿದರೂ ಚರ್ಮ ಕೆರಳುತ್ತದೆ. ಐರೋಪ್ಯ ರಾಷ್ಟ್ರಗಳು ೧೯೯೪ರಲ್ಲಿ ಒಡವೆಗಳಿಂದ ಹೊರಬರುವ ನಿಕ್ಕಲಿಗೆ ಕಾನೂನಿನ ಮಿತಿ ಹಾಕಿದವು. ಹೊಸ ರಂಧ್ರಕ್ಕೆ ಚಿನ್ನ, ಟೈಟಾನಿಯಂ ಅಥವಾ ಶಸ್ತ್ರಚಿಕಿತ್ಸೆಗೆ ಬಳಸುವ ದರ್ಜೆಯ ಉಕ್ಕಿನ ಕಡ್ಡಿ ಹಾಕಿಸುವುದು ಕ್ಷೇಮ. ಚಿನ್ನದ ಸಣ್ಣ ತಂತಿಯನ್ನೇ ಪೋಣಿಸುತ್ತಿದ್ದ ಊರಿನ ಅಕ್ಕಸಾಲಿಗನ ಪದ್ಧತಿಯಲ್ಲಿ ಇಷ್ಟು ವಿವೇಕವಂತೂ ಇತ್ತು.

ತಿಂಗಳುಗಳ ಮೇಲೆ ಬರುವ ತೊಂದರೆಯನ್ನು ಹೇಳುವಾಗ ನಮ್ಮ ಮನೆಯ ಸಂಗತಿಯನ್ನು ಹೇಳಲೇಬೇಕು. ನನ್ನ ಅಕ್ಕನಿಗೆ ಮದುವೆ ಗೊತ್ತಾದಾಗ ಅಜ್ಜಿಯ ಬುಗುಡಿಯನ್ನು ಅವಳಿಗೆ ತೊಡಿಸಬೇಕೆಂದು ಎರಡು ಕಿವಿಗಳ ಮೇಲಂಚನ್ನೂ ಚುಚ್ಚಿಸಿದರು. ಕೆಲವು ದಿನ ನೊಂದು ಮಾಗಿದಂತೆ ಕಂಡಿತು. ಮದುವೆಯೂ ಸಾಂಗವಾಗಿ ನೆರವೇರಿತು. ನಾಲ್ಕು ತಿಂಗಳ ಮೇಲೆ ಎಡಗಿವಿಯಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿತು. ವರ್ಷ ತುಂಬುವಷ್ಟರಲ್ಲಿ ಅದು ನೆಲ್ಲಿಕಾಯಿಯ ಗಾತ್ರವಾಯಿತು. ಗಂಡನ ಮನೆಯ ಕಡೆ ಯಾರೋ ದೃಷ್ಟಿಯೆಂದರು, ಯಾರೋ ಕ್ಯಾನ್ಸರ್ ಎಂದರು. ಊರೂರು ತಿರುಗುವ ಮದ್ದಿನವನೊಬ್ಬ ಅದನ್ನು ಕೊಯ್ದು ತೆಗೆದ. ಆರು ತಿಂಗಳಲ್ಲಿ ಅದು ಮೊದಲಿಗಿಂತ ದೊಡ್ಡದಾಗಿ ಬೆಳೆಯಿತು. ಅಕ್ಕ ಸದಾ ಸೆರಗನ್ನು ಕಿವಿಯ ಮೇಲೆ ಹೊದ್ದುಕೊಂಡೇ ಇರುತ್ತಿದ್ದಳು. ಗೌರಿಹಬ್ಬಕ್ಕೆ ತವರಿಗೆ ಬರುವುದಕ್ಕೂ ಹಿಂಜರಿದಳು.

ಕಡೆಗೆ ಅವಳನ್ನು ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋದದ್ದು ನಾನು. ಚೀಟಿ ಓದಿ ಯಾವ ಕೊಠಡಿಯೆಂದು ಹೇಳಬಲ್ಲವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರು ಗಂಟನ್ನು ನೋಡಿ ‘ಇದು ಕೀಲಾಯ್ಡ್, ಕ್ಯಾನ್ಸರ್ ಅಲ್ಲಮ್ಮ, ಹೆದರಬೇಡಿ’ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ‘ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಗಾಯ ಮಾಗಿದ ಮೇಲೆ ಗಂಟು ಬೆಳೆದದ್ದುಂಟೆ?’ ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಅಪ್ಪನ ಎದೆಯ ಮೇಲೆ, ಹಿಂದೆ ಯಾವಾಗಲೋ ಕುರು ಎದ್ದು ಒಡೆದ ಜಾಗದಲ್ಲಿ, ಏಡಿಯ ಕಾಲಿನಂತೆ ಹರಡಿದ ಒಂದು ಗಂಟಿದೆ. ಅಪ್ಪ ಅಂಗಿ ಕಳಚಿ ಗುದ್ದಲಿ ಹಿಡಿದಾಗಲೆಲ್ಲ ನಾವು ಅದನ್ನು ನೋಡಿದ್ದೆವು. ಅದು ಮಕ್ಕಳ ಮೈಗೂ ಬರೆದಿಟ್ಟ ಎಚ್ಚರಿಕೆಯೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಕೀಲಾಯ್ಡ್ ಎಂದರೆ ಗಾಯ ಮಾಗಿದ ಮೇಲೂ ಮಾಗಿಸುವ ಕೆಲಸ ನಿಲ್ಲದೆ ನಡೆಯುವುದು. ಬಿರುಕು ಮುಚ್ಚಿದ ಮೇಲೂ ಗಾರೆಯವನು ಗಾರೆ ಬಳಿಯುತ್ತಲೇ ಹೋದರೆ ಹೇಗೋ ಹಾಗೆ. ಇದು ಬಿಳಿಯ ಮೈಬಣ್ಣದವರಿಗಿಂತ ಕಪ್ಪು, ಕಂದು ಮೈಬಣ್ಣದವರಲ್ಲಿ ಹೆಚ್ಚು; ಹತ್ತರಿಂದ ಮೂವತ್ತು ವರ್ಷದೊಳಗಿನವರಲ್ಲಿ ಹೆಚ್ಚು; ವಂಶದಲ್ಲಿ ಹರಿದುಬರುವುದೂ ಉಂಟು. ಕಿವಿ, ಎದೆ, ಹೆಗಲು ಅದಕ್ಕೆ ಪ್ರಿಯವಾದ ತಾಣಗಳು. ಬರಿದೆ ಕೊಯ್ದು ತೆಗೆದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮತ್ತೆ ಬೆಳೆಯುತ್ತದೆ, ಏಕೆಂದರೆ ಕೊಯ್ದದ್ದೂ ಒಂದು ಹೊಸ ಗಾಯವೇ. ಗಂಟಿನೊಳಗೆ ತಿಂಗಳಿಗೊಮ್ಮೆ ಸ್ಟಿರಾಯ್ಡ್ ಔಷಧ ಚುಚ್ಚುವುದು, ಶಸ್ತ್ರಚಿಕಿತ್ಸೆಯಾದರೆ ಅದರೊಡನೆ ಈ ಚುಚ್ಚುಮದ್ದನ್ನೋ ಒತ್ತುವ ಓಲೆಯನ್ನೋ ಸೇರಿಸುವುದು ಸರಿಯಾದ ಕ್ರಮ. ಅಕ್ಕನಿಗೆ ಎಂಟು ಬಾರಿ ಚುಚ್ಚುಮದ್ದಾಯಿತು. ಗಂಟು ಇಳಿದಿದೆ, ಗುರುತು ಉಳಿದಿದೆ, ತುರಿಕೆಯೂ ನೋವೂ ಇಲ್ಲ.

ವರ್ಷಗಳ ಮೇಲೆ ಬರುವ ತೊಂದರೆಗಳು ಇನ್ನೂ ವಿಚಿತ್ರ. ಹಚ್ಚೆಯ ಬಣ್ಣಗಳಲ್ಲಿ ಅತಿ ಹೆಚ್ಚು ಅಲರ್ಜಿ ತರುವುದು ಕೆಂಪು. ಹಿಂದೆ ಅದರಲ್ಲಿ ಪಾದರಸದ ಸಂಯುಕ್ತವಾದ ಇಂಗಲೀಕವಿರುತ್ತಿತ್ತು. ಈಗಿನ ಕೆಂಪು ಬಹುಪಾಲು ಬೇರೆ ರಾಸಾಯನಿಕಗಳಿಂದಾದುದು. ಆದರೂ ಬಾಧೆ ತಪ್ಪಿಲ್ಲ. ಚಿತ್ರದಲ್ಲಿ ಕಪ್ಪು ಗೆರೆಗಳೆಲ್ಲ ತಣ್ಣಗಿದ್ದು ಕೆಂಪು ಹೂವಿನ ಭಾಗ ಮಾತ್ರ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ದಪ್ಪಗೆ ಉಬ್ಬಿ ತುರಿಸತೊಡಗುತ್ತದೆ. ಐರೋಪ್ಯ ಒಕ್ಕೂಟ ೨೦೨೨ರ ಜನವರಿಯಿಂದ ಹಚ್ಚೆಯ ಬಣ್ಣಗಳಲ್ಲಿ ಸಾವಿರಾರು ರಾಸಾಯನಿಕಗಳಿಗೆ ನಿರ್ಬಂಧ ಹಾಕಿದೆ. ಸೋರಿಯಾಸಿಸ್, ತೊನ್ನು ಮೊದಲಾದ ಚರ್ಮರೋಗಗಳುಳ್ಳವರಲ್ಲಿ ಮತ್ತೊಂದು ವೈಚಿತ್ರ್ಯವಿದೆ: ಸೂಜಿ ತಾಗಿದ ಗೆರೆಯನ್ನೇ ಹಿಡಿದು ರೋಗವು ಹೊಸದಾಗಿ ಮೂಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಜರ್ಮನ್ ವೈದ್ಯ ಕೋಬ್ನರನ ಹೆಸರಿನಿಂದಲೇ ಇದು ಪ್ರಸಿದ್ಧ.

ಒಂದೇ ಸೂಜಿಯಿಂದ, ಒಂದೇ ಬಟ್ಟಲಿನ ಬಣ್ಣದಿಂದ ಹಲವರಿಗೆ ಹಚ್ಚೆ ಹಾಕಿದರೆ ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರುತ್ತದೆ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಸಿ, ಏಡ್ಸ್ ತರುವ ಎಚ್.ಐ.ವಿ. ಈ ದಾರಿಯಿಂದ ಬರಬಲ್ಲವು. ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೆ ಒಣಗಿದ ರಕ್ತದಲ್ಲಿ ಏಳು ದಿನಗಳವರೆಗೂ ಜೀವ ಹಿಡಿದಿರುತ್ತದೆ. ನಮ್ಮ ಕಾಲೇಜಿನ ರಕ್ತದಾನ ಶಿಬಿರದಲ್ಲಿ ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡವರನ್ನು ಹಿಂದಕ್ಕೆ ಕಳುಹಿಸಿದಾಗ ಕೆಲವು ಮಿತ್ರರು ಅದನ್ನು ಅವಮಾನವೆಂದು ಭಾವಿಸಿದರು. ಅದು ಅವಮಾನವಲ್ಲ. ಹಚ್ಚೆಯಾದ ಮೇಲೆ ಒಂದು ವರ್ಷ ಕಾದು ರಕ್ತ ತೆಗೆದುಕೊಳ್ಳುವ ನಿಯಮ, ಒಳಗೆ ಅಡಗಿರಬಹುದಾದ ಸೋಂಕು ಪಡೆಯುವವರಿಗೆ ದಾಟದಿರಲೆಂದು. ಇನ್ನೂ ಒಂದು ಸಂಗತಿ ಮನಸ್ಸನ್ನು ಕಲಕುತ್ತದೆ. ಛತ್ತೀಸಗಢದಲ್ಲಿ ಬೀದಿಬದಿಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದ ೩೧ ಮಂದಿಯಲ್ಲಿ, ಹಚ್ಚೆಯ ಜಾಗದಲ್ಲಿಯೇ ಕುಷ್ಠರೋಗದ ಮಚ್ಚೆ ಕಾಣಿಸಿಕೊಂಡುದನ್ನು ೨೦೦೨ರಲ್ಲಿ ವೈದ್ಯ ಪತ್ರಿಕೆಯೊಂದು ವರದಿ ಮಾಡಿತು. ಹಚ್ಚೆಯ ಸುತ್ತ ಚರ್ಮ ಬಿಳುಚಿಕೊಂಡು ಸ್ಪರ್ಶಜ್ಞಾನ ಕಡಮೆಯಾದರೆ ‘ಬಣ್ಣ ಬಿಟ್ಟಿದೆ’ ಎಂದು ಸುಮ್ಮನಿರಬಾರದು. ಕುಷ್ಠ ಇಂದು ಪೂರ್ತಿ ವಾಸಿಯಾಗುವ ರೋಗ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ತಡಮಾಡಿ ಮುಚ್ಚಿಡುವುದೇ ಕೈಕಾಲುಗಳಿಗೆ ಕೇಡು.

ಇಷ್ಟನ್ನೆಲ್ಲ ಕೇಳಿದ ನಮ್ಮ ಅಜ್ಜಿ ತನ್ನ ಮೊಣಕೈವರೆಗಿನ ಹಚ್ಚೆಯನ್ನು ತೋರಿಸಿ ‘ನಮಗೇನೂ ಆಗ್ಲಿಲ್ಲ ಕಣ್ ಮಗಾ’ ಎಂದಳು. ಮಾತು ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಹಚ್ಚೆ ಹಾಕಿಸಿಕೊಂಡವರಲ್ಲಿ ಬಹುಪಾಲು ಮಂದಿಗೆ ದೊಡ್ಡ ತೊಂದರೆಯೇನೂ ಆಗುವುದಿಲ್ಲ. ಆದರೆ ಅಜ್ಜಿಯ ಹಚ್ಚೆ ಒಂದೇ ಬಣ್ಣದ್ದು, ಕಾಡಿಗೆಯದು. ಇಂದಿನ ಹಚ್ಚೆಯಲ್ಲಿ ಹತ್ತು ಬಣ್ಣ, ಒಂದೊಂದರಲ್ಲೂ ಹೆಸರು ತಿಳಿಯದ ಹಲವು ವಸ್ತು. ಅಜ್ಜಿಯದು ಗೇಣುದ್ದದ ಚುಕ್ಕಿ, ಗೆರೆ. ಇಂದಿನದು ಬೆನ್ನು ತುಂಬುವ ಚಿತ್ರ. ಅದೂ ಅಲ್ಲದೆ ಏನೂ ಆಗದವರು ನಮ್ಮೆದುರು ಕುಳಿತು ಮಾತಾಡುತ್ತಾರೆ; ಗಾಯ ಕೊಳೆತು, ಜ್ವರ ಬಂದು ಹೋದವರ ಲೆಕ್ಕವನ್ನು ಆ ಕಾಲದಲ್ಲಿ ಯಾರೂ ಬರೆದಿಡಲಿಲ್ಲ.

ಸೂಜಿ ಬೇಡವೆನ್ನುವವರು ತಾತ್ಕಾಲಿಕ ಹಚ್ಚೆಯೆಂದು ಕಪ್ಪು ಮದರಂಗಿಯನ್ನು ಹಾಕಿಸಿಕೊಳ್ಳುವುದುಂಟು. ನಮ್ಮ ಹಿತ್ತಿಲಿನ ಮದರಂಗಿ ಸೊಪ್ಪು ಕೊಡುವುದು ಕೆಂಪು, ಇಲ್ಲವೆ ಕೆಂಪುಗಂದು. ಗಳಿಗೆಯಲ್ಲಿ ಕಡುಕಪ್ಪಾಗುವ ಲೇಪದಲ್ಲಿ ಸಾಮಾನ್ಯವಾಗಿ ಕೂದಲಿಗೆ ಹಚ್ಚುವ ಬಣ್ಣದ ಪಿ.ಪಿ.ಡಿ. ಎಂಬ ರಾಸಾಯನಿಕವಿರುತ್ತದೆ. ಅದು ಒಗ್ಗದವರ ಕೈಯಲ್ಲಿ ಕೆಲವು ದಿನಗಳಲ್ಲಿ ಚಿತ್ರದ ಗೆರೆಗೆರೆಯೂ ನೀರುಗುಳ್ಳೆಯಾಗಿ ಏಳುತ್ತದೆ; ಮುಂದೆ ಎಂದಾದರೂ ತಲೆಗೆ ಬಣ್ಣ ಹಚ್ಚಿದರೆ ಮುಖವೇ ಊದಿಕೊಳ್ಳುತ್ತದೆ.

ಹಾಕಿಸಿಕೊಂಡುದನ್ನು ಅಳಿಸುವುದು ಹೇಗೆ? ಭೂಸೇನೆಯ ನೇಮಕಾತಿಯಲ್ಲಿ ಹಚ್ಚೆಗೆ ಕಟ್ಟುನಿಟ್ಟಾದ ಮಿತಿಗಳಿರ​ುವುದರಿಂದ, ಬೆಳಗಿನ ಜಾವ ಮೈದಾನದಲ್ಲಿ ಓಡುವ ನನ್ನ ಮಿತ್ರರಿಗೆ ಇದು ಅನ್ನದ ಪ್ರಶ್ನೆ. ಸುಣ್ಣ, ಆ್ಯಸಿಡ್, ಉಪ್ಪಿನ ಉಜ್ಜು ಇವು ಚರ್ಮವನ್ನೇ ಸುಟ್ಟು ಹಚ್ಚೆಗಿಂತ ಕುರೂಪವಾದ ಕಲೆಯನ್ನು ಬಿಡುತ್ತವೆ. ಲೇಸರ್ ಕಿರಣದಿಂದ ಬಣ್ಣವನ್ನು ಪುಡಿಮಾಡುವುದು ಒಪ್ಪಿತವಾದ ವಿಧಾನ. ಪುಡಿಯಾದುದನ್ನು ಭಕ್ಷಕ ಕಣಗಳು ಹೊತ್ತೊಯ್ಯುತ್ತವೆ. ವಾರಗಳ ಅಂತರದಲ್ಲಿ ಹಲವು ಬಾರಿ ಮಾಡಿಸಬೇಕು, ಹಣವೂ ಹೆಚ್ಚು. ಕಪ್ಪು ಬಣ್ಣ ಸುಲಭವಾಗಿ ಹೋಗುತ್ತದೆ, ಹಸಿರು ಹಳದಿಗಳು ಹಟಮಾರಿಗಳು. ಬಿಳಿಯ ಬಣ್ಣ ಲೇಸರಿನಿಂದ ಕಪ್ಪಾಗಿಬಿಡುವುದೂ ಉಂಟು.

ಹಾಗಾದರೆ ಹಚ್ಚೆಯೇ ಬೇಡವೆ, ಓಲೆಯೇ ಬೇಡವೆ? ಹಾಗೆನ್ನುವ ಹಟ ನನಗಿಲ್ಲ. ಆದರೆ ಸೂಜಿಯ ಮುಂದೆ ಕೂರುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಒಂದು: ನಮ್ಮ ವಂಶದಲ್ಲಿ ಯಾರಿಗಾದರೂ ಗಾಯದ ಮೇಲೆ ಗಂಟು ಬೆಳೆದದ್ದುಂಟೆ? ಎರಡು: ನನಗೆ ಸಿಹಿಮೂತ್ರ, ಹೃದಯದ ಕವಾಟದ ದೋಷ, ಚರ್ಮರೋಗ ಇವುಗಳಲ್ಲಿ ಯಾವುದಾದರೂ ಇದೆಯೆ? ಇದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಮಚ್ಚೆಯ ಮೇಲೆ ಹಚ್ಚೆ ಯಾರಿಗೂ ಕೂಡದು. ಮಚ್ಚೆಯಲ್ಲಿ ಮುಂದೆ ಆಗಬಹುದಾದ ಕೆಟ್ಟ ಮಾರ್ಪಾಟು ಬಣ್ಣದ ಕೆಳಗೆ ಅಡಗಿಹೋಗುತ್ತದೆ. ಮೂರು: ಸೂಜಿಯ ಮೊಹರನ್ನು ನನ್ನ ಕಣ್ಣೆದುರಿಗೇ ಒಡೆದರೆ? ಬಣ್ಣವನ್ನು ನನಗೆಂದೇ ಹೊಸ ಬಟ್ಟಲಿಗೆ ಸುರಿದರೆ? ಕೈಗೆ ಹೊಸ ಕೈಚೀಲ ಹಾಕಿದರೆ? ಜಾತ್ರೆಯ ನೂಕುನುಗ್ಗಲಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ನಾಲ್ಕು: ಮಾಗುವವರೆಗೆ ಗಾಯವನ್ನು ನೋಡಿಕೊಳ್ಳುವ ತಾಳ್ಮೆ ನನಗಿದೆಯೆ? ಸಾಬೂನಿನಿಂದ ಕೈ ತೊಳೆಯದೆ ಮುಟ್ಟಬಾರದು, ಹಕ್ಕಳೆ ಕೀಳಬಾರದು, ಕೆರೆಯಲ್ಲಿ ಈಜಬಾರದು, ಬೂದಿ, ಸಗಣಿ, ಅಂಗಡಿಯ ಅರಿಸಿನ ಮೆತ್ತಬಾರದು. ಕಿವಿ ಕೀವಾದರೆ ಓಲೆಯನ್ನು ತಾವೇ ಕಿತ್ತುಹಾಕದೆ ವೈದ್ಯರಿಗೆ ತೋರಿಸಬೇಕು. ರಂಧ್ರ ಮುಚ್ಚಿಕೊಂಡರೆ ಕೀವು ಒಳಗೇ ಉಳಿದೀತು.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಅನೇಕರು ಮನೆಗೆ ಮೊದಲ ಪದವೀಧರರಾಗಲಿದ್ದೇವೆ. ಆಸ್ಪತ್ರೆಯ ಚೀಟಿಯನ್ನು ಓದುವುದು, ಡಾಕ್ಟರ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಪಾಲಿಗೇ ಬರುತ್ತದೆ. ಆ ಪ್ರಶ್ನೆಯನ್ನು ಆಸ್ಪತ್ರೆಯಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಮುಂಚೆ ನಮ್ಮ ಅಂಗಳದಲ್ಲೇ ಕೇಳುವುದು ಲೇಸು. ತಂಗಿಯ ಮೂಗು ಚುಚ್ಚಿಸುವ ದಿನ, ತಮ್ಮ ಗೆಳೆಯರೊಡನೆ ಜಾತ್ರೆಗೆ ಹೊರಟ ದಿನ, ಈ ನಾಲ್ಕು ಮಾತುಗಳನ್ನು ಗದರದೆ, ಹೀಯಾಳಿಸದೆ, ಅವರೊಡನೆ ಕುಳಿತು ಕೇಳೋಣ. ನಾವು ಪಡೆದ ವಿದ್ಯೆಗೆ ಅಷ್ಟಾದರೂ ಸಾರ್ಥಕ್ಯ ದೊರೆಯಲಿ.